ಮೂಳೆ ಗಟ್ಟಿ ಅಂತ ಮೆಷಿನ್ ಹೇಳಿದ್ರೆ ಸಾಕಾ? ಕೋಲಾರದ ನೀರಿನ ಲೆಕ್ಕ

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದ್ರೆ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಕಾಣ್ತವೆ. ಕೆಜಿಎಫ್ ಅಂದ್ರೆ ಎಲ್ಲರಿಗೂ ಚಿನ್ನ. ಇವತ್ತು ನಾನು ಮಾತಾಡೋದು ಮೂಳೆ ಬಗ್ಗೆ.

ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆ ಸವೆದದ್ದು ಕಾಣಬೇಕಾದ್ರೆ ಸುಮಾರು 30 ಪರ್ಸೆಂಟ್ ಖನಿಜಾಂಶ ಆಗಲೇ ಹೋಗಿರುತ್ತೆ. ಇದನ್ನ ಮೊದಲೇ ಅಳೆಯೋ ದಾರಿಯನ್ನ 1963ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾನ್ ಕ್ಯಾಮರಾನ್ ಮತ್ತು ಸೊರೆನ್ಸನ್ ತೋರಿಸಿದರು. 1980ರ ದಶಕದ ಕೊನೆಗೆ ಇವತ್ತಿನ ಡೆಕ್ಸಾ ಮೆಷಿನ್ ಬಂತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಗೆರೆ ಎಳೀತು: ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿ ಕೊಡೋ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ರೆ ಆಸ್ಟಿಯೋಪೊರೋಸಿಸ್.

ಆದ್ರೆ ಈ ಮೆಷಿನ್ ಅಳೆಯೋದು ಮೂಳೆಯಲ್ಲಿ ಎಷ್ಟು ಖನಿಜ ಇದೆ ಅನ್ನೋದನ್ನ ಮಾತ್ರ. ನಾನು ಬಿ.ಕಾಂ ಓದಿದವನು, ನನ್ನ ಭಾಷೆಯಲ್ಲೇ ಹೇಳ್ತೀನಿ: ಸ್ಟಾಕ್ ಪುಸ್ತಕದಲ್ಲಿ ಮೂಟೆ ಎಷ್ಟಿದೆ ಅಂತ ಬರೆದಿರುತ್ತೆ, ಒಳಗಿನ ಅಕ್ಕಿಗೆ ಹುಳ ಬಿದ್ದಿದ್ಯಾ ಅಂತ ಬರೆದಿರಲ್ಲ.

ಕೋಲಾರದಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ಜಾಸ್ತಿ. ಇಲ್ಲಿನ ನೆಲದಡಿ ಇರೋದು ಗ್ರಾನೈಟ್, ನೈಸ್ ಬಂಡೆ, ಅದರಲ್ಲಿ ಫ್ಲೋರೈಡ್ ಇರೋ ಖನಿಜಗಳು. ಹಿಂದೆ ಜನ ಕುಡೀತಿದ್ದದ್ದು ಕೆರೆ, ಕಲ್ಯಾಣಿ, ತೆರೆದ ಬಾವಿಯ ನೀರು. ಗಣಿ ಊರಿಗೂ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ನೀರು ಬರ್ತಿತ್ತು. ಕೆರೆಗಳು ಬತ್ತಿದಂತೆ ಬೋರ್‌ವೆಲ್ ಸಾವಿರ ಅಡಿ ದಾಟಿತು. ಬಂಡೆಯ ಸಂದಿಯಲ್ಲಿ ಬಹಳ ಕಾಲ ನಿಂತ ನೀರು ಫ್ಲೋರೈಡ್ ಕರಗಿಸಿಕೊಂಡು ಮೇಲೆ ಬಂತು. ಬೇರೆ ನೀರು ಇಲ್ಲದಾಗಲೂ ನಮ್ಮ ದೇಶದ ಮಾನದಂಡ ಒಪ್ಪೋದು ಲೀಟರ್‌ಗೆ 1.5 ಮಿಲಿಗ್ರಾಂವರೆಗೆ ಮಾತ್ರ. ಕೋಲಾರ ಜಿಲ್ಲೆಯ ಎಷ್ಟೋ ಬೋರ್‌ವೆಲ್ ಆ ಮಿತಿ ಮೀರಿವೆ.

ಈ ಫ್ಲೋರೈಡ್ ವರ್ಷಗಟ್ಟಲೆ ಮೂಳೆಯಲ್ಲಿ ಸೇರುತ್ತೆ. ಸಾಂದ್ರತೆ ಏರುತ್ತೆ, ಗುಣ ಕೆಡುತ್ತೆ. ಕೀಲು ಹಿಡಿಯುತ್ತೆ, ಬೆನ್ನು ಬಾಗುತ್ತೆ. 1937ರಲ್ಲೇ ನಮ್ಮ ಪಕ್ಕದ ನೆಲ್ಲೂರಿನಲ್ಲಿ ಶಾರ್ಟ್ ಎಂಬ ವೈದ್ಯ ಮತ್ತು ಸಂಗಡಿಗರು ಇದನ್ನ ದಾಖಲಿಸಿದ್ದರು.

ವಿಚಿತ್ರ ಅಂದ್ರೆ, ಇದೇ ಫ್ಲೋರೈಡನ್ನ ಒಂದು ಕಾಲಕ್ಕೆ ಆಸ್ಟಿಯೋಪೊರೋಸಿಸ್‌ಗೆ ಔಷಧಿಯಾಗಿ ಕೊಟ್ಟು ನೋಡಿದರು. ಅಮೆರಿಕದ ಮೇಯೋ ಕ್ಲಿನಿಕ್‌ನ ರಿಗ್ಸ್ ತಂಡ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 202 ಮಹಿಳೆಯರಿದ್ದರು. ನಾಲ್ಕು ವರ್ಷ ಫ್ಲೋರೈಡ್ ತಗೊಂಡವರ ಬೆನ್ನುಮೂಳೆಯ ಸಾಂದ್ರತೆ 35 ಪರ್ಸೆಂಟ್ ಏರಿತು. ಬೆನ್ನುಮೂಳೆ ಮುರಿಯೋದು ಮಾತ್ರ ಗಣನೀಯವಾಗಿ ಕಡಿಮೆ ಆಗಲಿಲ್ಲ. ಬೇರೆ ಮೂಳೆಗಳು ಇನ್ನೂ ಜಾಸ್ತಿ ಮುರಿದವು.

ಹಾಗಂತ ಸ್ಕ್ಯಾನ್ ಬೇಡ ಅಂತಲ್ಲ. ನಿಮ್ಮ ಅಜ್ಜಿಯನ್ನ ಕರ್ಕೊಂಡು ಹೋದಾಗ, ಅವರು ಎಷ್ಟು ವರ್ಷ ಯಾವ ಬೋರ್‌ವೆಲ್ ನೀರು ಕುಡಿದಿದ್ದಾರೆ ಅಂತ ಡಾಕ್ಟರಿಗೆ ಹೇಳಿ. ರಿಪೋರ್ಟ್ ಚೆನ್ನಾಗಿದ್ದೂ ಕೈಕಾಲು ನೋವು, ಬಿಗಿತ ಇದ್ರೆ, ಎಕ್ಸ್‌ರೇ ಮತ್ತು ಮೂತ್ರದ ಫ್ಲೋರೈಡ್ ಪರೀಕ್ಷೆ ಬೇಕಾ ಅಂತ ಕೇಳಿ. ನೀರು ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ಇದು ನೆನಪಿರಲಿ.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಆಳ ಹೋಗಿತ್ತು. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿಗಳು ಮುಚ್ಚಿದವು. ತೆಗೆದ ಚಿನ್ನವನ್ನ ಗ್ರಾಂ ಲೆಕ್ಕದಲ್ಲಿ ಬರೆದಿಟ್ಟ ಊರು ಇದು. ನಿಮ್ಮ ಮನೆ ಬೋರ್‌ವೆಲ್ ನೀರಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಈ ವಾರ ಒಂದ್ಸಲ ಟೆಸ್ಟ್ ಮಾಡಿಸಿ.