ಕಲರ್ ಫಿಲ್ಟರ್ ಫೋಟೊರೆಸಿಸ್ಟ್

ಎಲ್‌ಸಿಡಿ ಪರದೆಯ ಬಿಳಿ ಬೆಳಕಿಗೆ ಕೆಂಪು, ಹಸಿರು, ನೀಲಿ ಬಣ್ಣ ಕೊಡುವ ಪದರವನ್ನು ಮಾಡುವ ದ್ರವ ರಾಳ. ಅತಿನೇರಳೆ ಕಿರಣ ಬಿದ್ದ ಕಡೆ ಇದು ಗಟ್ಟಿಯಾಗಿ ಗಾಜಿಗೆ ಕಚ್ಚಿಕೊಳ್ಳುತ್ತದೆ; ಬೀಳದ ಕಡೆ ಕ್ಷಾರ ದ್ರಾವಣದಲ್ಲಿ ತೊಳೆದುಹೋಗುತ್ತದೆ.

ಉಪಾಯ ಹಳೆಯದು. ಡೈಕ್ರೋಮೇಟ್ ಬೆರೆಸಿದ ಜೆಲಟಿನ್ ಬೆಳಕಿಗೆ ಕರಗದಂತಾಗುವುದನ್ನು ಬಳಸಿ 1852ರಲ್ಲೇ ಇಂಗ್ಲೆಂಡಿನ ಛಾಯಾಗ್ರಹಣ ಪ್ರವರ್ತಕ ಟಾಲ್ಬಟ್ ಅಚ್ಚಿನ ಫಲಕ ಕೊರೆದ. ಚಿಕ್ಕೋಡಿ, ನಿಪ್ಪಾಣಿಯಂಥ ಊರುಗಳಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಕಸುಬಿನದೂ ಇದೇ ತತ್ವ: ಚೌಕಟ್ಟಿಗೆ ಬಿಗಿದ ಬಟ್ಟೆಗೆ ಎಮಲ್ಷನ್ ಸವರಿ, ಒಣಗಿಸಿ, ಮೇಲೆ ಫಿಲ್ಮ್ ಇಟ್ಟು ಬೆಳಕಿಗೊಡ್ಡಿ, ನೀರು ಹೊಡೆದರೆ ಅಕ್ಷರದ ಜಾಗವಷ್ಟೇ ತೆರೆದುಕೊಳ್ಳುತ್ತದೆ.

ಪರದೆಯೊಳಗೇ ಸೂಕ್ಷ್ಮ ಫಿಲ್ಟರ್ ಇಡುವ ವಿಧಾನವನ್ನು 1981ರಲ್ಲಿ ಜಪಾನಿನ ತತ್ಸುವೊ ಉಚಿದಾ ಮುಂದಿಟ್ಟರು. 1984ರಲ್ಲಿ ಎಪ್ಸನ್‌ನ ಬಣ್ಣದ ಜೇಬು ಟಿವಿ ಬಂತು. ಆರಂಭದ ಫಿಲ್ಟರ್‌ಗಳಲ್ಲಿ ಜೆಲಟಿನ್, ಕೇಸಿನ್ ಪದರಕ್ಕೆ ಬಣ್ಣ ಕುಡಿಸುತ್ತಿದ್ದರು. ಅದು ಶಾಖಕ್ಕೂ ಬೆಳಕಿಗೂ ಮಾಸುತ್ತಿತ್ತು. ಹಾಗಾಗಿ ಅಕ್ರಿಲಿಕ್ ರಾಳದಲ್ಲಿ ವರ್ಣಕಣಗಳನ್ನೇ ಅರೆದು ಹರಡುವ ಪದ್ಧತಿ 1990ರ ದಶಕದಲ್ಲಿ ನೆಲೆಯೂರಿತು. ನಿಜವಾದ ಪೇಚು ಶುರುವಾದದ್ದು ಇಲ್ಲಿ. ಗಟ್ಟಿಮಾಡಬೇಕಾದ ಕಿರಣವನ್ನು ವರ್ಣಕವೇ ನುಂಗಿಬಿಡುತ್ತದೆ. ಮೇಲ್ಭಾಗ ಗಟ್ಟಿ, ಬುಡ ಮೆತ್ತಗೆ. ತೊಳೆಯುವಾಗ ಬುಡ ಕೊರೆದು ಅಂಚು ಕಿತ್ತುಬರುತ್ತದೆ. ಕಣ ದಪ್ಪವಾದರೆ ಬೆಳಕು ಚದುರಿ ಕಪ್ಪು ಬೂದಾಗುತ್ತದೆ. ಕಣಗಳನ್ನು 100 ನ್ಯಾನೋಮೀಟರ್‌ಗಿಂತ ಸಣ್ಣದಾಗಿ ಅರೆದು, ಆಕ್ಸೈಮ್ ಎಸ್ಟರ್‌ನಂಥ ಚುರುಕಾದ ಪ್ರಚೋದಕ ಸೇರಿಸಿದ ಮೇಲೆ ಒಂದೆರಡು ಮೈಕ್ರಾನ್ ದಪ್ಪದ ಪದರ ಹದಕ್ಕೆ ಬಂತು. ಮೂರು ಬಣ್ಣಕ್ಕೂ ಲೇಪನ, ಕಿರಣ, ತೊಳೆತ, ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುವುದು ಬೇರೆ ಬೇರೆಯಾಗಿ ನಡೆಯುತ್ತದೆ.

ಪರದೆಯಲ್ಲಿ ಬೆಳಕಿಗೆ ಗಟ್ಟಿಯಾಗುವ ಇನ್ನೊಂದು ಪದರಕ್ಕೆ ಮೂಲ ಬೆಂಗಳೂರು. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆಂದು ‘ಪ್ರಮಾಣ’ ಪತ್ರಿಕೆಯಲ್ಲಿ ತೋರಿಸಿದರು. ಅಂಥ ಅಣುಗಳನ್ನು ಓರೆಯಾಗಿ ಜೋಡಿಸಿ, ಅತಿನೇರಳೆಯಿಂದ ಬಿಗಿದು ಫ್ಯೂಜಿ 1990ರ ದಶಕದಲ್ಲಿ ಫಿಲ್ಮ್ ತಂದಿತು. ಪಕ್ಕದಿಂದ ನೋಡಿದರೆ ಚಿತ್ರ ಕೆಡುವ ತೊಂದರೆ ಅದರಿಂದ ತಗ್ಗಿತು. ಫಿಲ್ಟರ್‌ಗೆ ಇದು ನೇರ ಸಂಬಂಧಿಯಲ್ಲದಿದ್ದರೂ, ಕರ್ನಾಟಕದ ಪಾಲು ಹುಡುಕುವವರು ನೋಡಬೇಕಾದದ್ದು ಇಲ್ಲಿಯೇ.

ಒಎಲ್‌ಇಡಿ ಪರದೆ ಬಂದ ಮೇಲೆ ಫಿಲ್ಟರ್‌ನ ಲೆಕ್ಕ ಬದಲಾಯಿತು. 2021ರ ಸ್ಯಾಮ್‌ಸಂಗ್ ಮಡಚುಫೋನಿನಲ್ಲಿ ಹೊರಬೆಳಕಿನ ಪ್ರತಿಫಲನ ತಡೆಯುವ ಪೋಲರೈಸರ್ ತೆಗೆದು ಆ ಕೆಲಸವನ್ನು ಫಿಲ್ಟರ್‌ಗೆ ವಹಿಸಿದರು. ಒಎಲ್‌ಇಡಿಯಲ್ಲಿ ಬೆಳಕು ಸೂಸುವ ಸಾವಯವ ಪದರ 230 ಡಿಗ್ರಿ ತಾಳುವುದಿಲ್ಲ. ಹಾಗಾಗಿ ಇಲ್ಲಿ ಸುಮಾರು 100 ಡಿಗ್ರಿಯೊಳಗೇ ಗಟ್ಟಿಯಾಗುವ ರಾಳ ಬೇಕು.