9 ಸ್ಥಾನಕ್ಕೆ ಕುಸಿದರೂ ಕೇರಳದಲ್ಲಿ ಮತ್ತೆ ಎದ್ದಿದ್ದ ಕಾಂಗ್ರೆಸ್: ಹೀನಾಯ ಸೋಲಿನಿಂದ ಪಕ್ಷವೊಂದು ಚೇತರಿಸಿಕೊಳ್ಳುವುದು ಹೇಗೆ?

ತಿರುವನಂತಪುರಂ: ಚುನಾವಣೆಯಲ್ಲಿ ನೆಲಕಚ್ಚಿದ ಪಕ್ಷದ ಕಥೆ ಅಲ್ಲಿಗೇ ಮುಗಿಯಿತೇ? ಪ್ರತಿ ದೊಡ್ಡ ಸೋಲಿನ ಬಳಿಕವೂ ಈ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಹುಡುಕಲು ಕೇರಳಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಲ್ಲಿ ಕಾಂಗ್ರೆಸ್ ಮತ್ತು ಸಿಪಿಎಂ ಎರಡೂ ಹೀನಾಯವಾಗಿ ಸೋತಿವೆ, ಎರಡೂ ಮತ್ತೆ ಅಧಿಕಾರಕ್ಕೆ ಬಂದಿವೆ.

ಆದರೆ 2025ರ ಡಿಸೆಂಬರ್‌ನಲ್ಲಿ ನಡೆದ ಸ್ಥಳೀಯ ಸಂಸ್ಥೆಗಳ ಚುನಾವಣೆ ಹೊಸದೊಂದು ಚಿತ್ರ ಮುಂದಿಟ್ಟಿದೆ. ಕೊಚ್ಚಿ ಪಾಲಿಕೆಯನ್ನು ಕಾಂಗ್ರೆಸ್ ನೇತೃತ್ವದ ಯುಡಿಎಫ್ ಎಡರಂಗದಿಂದ ಕಿತ್ತುಕೊಂಡಿತು. ಅದೇ ದಿನ ತಿರುವನಂತಪುರಂ ಪಾಲಿಕೆಯೂ ಎಡರಂಗದ ಕೈತಪ್ಪಿತು, ಆದರೆ ಅದು ಹೋಗಿದ್ದು ಬಿಜೆಪಿ ತೆಕ್ಕೆಗೆ. ಎಡರಂಗ ಎರಡೂ ನಗರಗಳಲ್ಲಿ ಸೋತರೂ ಕಾಂಗ್ರೆಸ್‌ಗೆ ಅದರ ಲಾಭ ಸಿಕ್ಕಿದ್ದು ಒಂದರಲ್ಲಿ ಮಾತ್ರ. ಹೀಗೇಕಾಯಿತು? ಇಲ್ಲಿದೆ ವಿವರ.

1967: ಮತ ಶೇ.35, ಸ್ಥಾನ ಕೇವಲ 9

1964ರಲ್ಲಿ ಕಾಂಗ್ರೆಸ್‌ನ 15 ಶಾಸಕರು ಬಂಡೆದ್ದು ಆರ್. ಶಂಕರ್ ಸರ್ಕಾರ ಉರುಳಿತು. ಬಂಡಾಯಗಾರರು 'ಕೇರಳ ಕಾಂಗ್ರೆಸ್' ಎಂಬ ಹೊಸ ಪಕ್ಷ ಕಟ್ಟಿದರು. ಅತ್ತ ಇ.ಎಂ.ಎಸ್. ನಂಬೂದಿರಿಪಾಡ್ ನೇತೃತ್ವದಲ್ಲಿ ಏಳು ಪಕ್ಷಗಳು ಒಂದಾದವು. 1967ರ ಚುನಾವಣೆಯಲ್ಲಿ 133 ಸ್ಥಾನಗಳ ಪೈಕಿ ಕಾಂಗ್ರೆಸ್‌ಗೆ ದಕ್ಕಿದ್ದು ಕೇವಲ 9.

ಆದರೆ ಮತಗಳ ಲೆಕ್ಕ ಬೇರೆಯೇ ಇತ್ತು. ಕಾಂಗ್ರೆಸ್ ಶೇ.35ಕ್ಕೂ ಹೆಚ್ಚು ಮತ ಪಡೆದಿತ್ತು. 52 ಸ್ಥಾನ ಗೆದ್ದ ಸಿಪಿಎಂ ಪಡೆದಿದ್ದು ಶೇ.24ಕ್ಕಿಂತ ಕಡಿಮೆ. ಅಂದರೆ ಕಾಂಗ್ರೆಸ್ ಕಳೆದುಕೊಂಡಿದ್ದು ಮತದಾರರಿಗಿಂತ ಹೆಚ್ಚಾಗಿ ಮಿತ್ರಪಕ್ಷಗಳನ್ನು.

ಆ ಒಂಬತ್ತು ಶಾಸಕರ ನಾಯಕರಾಗಿದ್ದವರು ಕೆ. ಕರುಣಾಕರನ್. ಎದುರಾಳಿ ಕೂಟದಲ್ಲಿ ಬಿರುಕು ಮೂಡುವವರೆಗೆ ಕಾದರು. 1969ರಲ್ಲಿ ಇ.ಎಂ.ಎಸ್. ಸರ್ಕಾರ ಬಿದ್ದಾಗ ಸಿಪಿಐನ ಸಿ. ಅಚ್ಯುತ ಮೆನನ್ ಮುಖ್ಯಮಂತ್ರಿಯಾದರು. 1970ರ ಚುನಾವಣೆಯಲ್ಲಿ 30 ಸ್ಥಾನ ಗೆದ್ದ ಕಾಂಗ್ರೆಸ್, ಅಚ್ಯುತ ಮೆನನ್ ಅವರನ್ನು ಬೆಂಬಲಿಸಿ 1971ರಲ್ಲಿ ಸರ್ಕಾರವನ್ನೂ ಸೇರಿತು. ಮುಂದೆ ಮುಖ್ಯಮಂತ್ರಿಗಳಾದ ಎ.ಕೆ. ಆಂಟನಿ ಮತ್ತು ಉಮ್ಮನ್ ಚಾಂಡಿ ಮೊದಲ ಬಾರಿಗೆ ಶಾಸಕರಾಗಿದ್ದು ಅದೇ 1970ರಲ್ಲಿ. ಇಬ್ಬರೂ ವಿದ್ಯಾರ್ಥಿ ಸಂಘಟನೆ ಕೆಎಸ್‌ಯುವಿನಿಂದ ಬೆಳೆದು ಬಂದವರು.

ಸಿಪಿಎಂ ಎದ್ದಿದ್ದೂ ಹೀಗೆಯೇ

1977ರಲ್ಲಿ ಸೋಲುವ ಸರದಿ ಸಿಪಿಎಂನದ್ದು. ತುರ್ತು ಪರಿಸ್ಥಿತಿಯ ನಂತರ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದರೆ, ಕೇರಳದಲ್ಲಿ ಕಾಂಗ್ರೆಸ್-ಸಿಪಿಐ ಕೂಟ 140ರಲ್ಲಿ 111 ಸ್ಥಾನ ಬಾಚಿಕೊಂಡಿತು. ಸಿಪಿಎಂಗೆ ಉಳಿದಿದ್ದು 17.

ಮೂರೇ ವರ್ಷಕ್ಕೆ ಲೆಕ್ಕ ತಲೆಕೆಳಗಾಯಿತು. ಸಿಪಿಐ, ಆಂಟನಿ ಬಣದ ಕಾಂಗ್ರೆಸ್ ಹಾಗೂ ಕೆ.ಎಂ. ಮಾಣಿ ಅವರ ಕೇರಳ ಕಾಂಗ್ರೆಸ್ ಸಿಪಿಎಂ ಜೊತೆ ಕೈಜೋಡಿಸಿದವು. 1980ರ ಜನವರಿಯಲ್ಲಿ ಎಡರಂಗ 93 ಸ್ಥಾನ ಗೆದ್ದು ಇ.ಕೆ. ನಾಯನಾರ್ ಮುಖ್ಯಮಂತ್ರಿಯಾದರು.

2004ರ ಲೋಕಸಭೆ ಚುನಾವಣೆಯಲ್ಲಿ ಕೇರಳದಲ್ಲಿ ಕಾಂಗ್ರೆಸ್ ಒಂದೂ ಸ್ಥಾನ ಗೆಲ್ಲಲಿಲ್ಲ. ಮುಖ್ಯಮಂತ್ರಿ ಆಂಟನಿ ರಾಜೀನಾಮೆ ನೀಡಿದರು, ಮರುವರ್ಷ ಕರುಣಾಕರನ್ ಪಕ್ಷವನ್ನೇ ತೊರೆದರು. 2006ರಲ್ಲಿ ಸರ್ಕಾರವೂ ಹೋಯಿತು. ಆದರೆ 2009ರಲ್ಲಿ ಯುಡಿಎಫ್ 20ರಲ್ಲಿ 16 ಲೋಕಸಭಾ ಸ್ಥಾನ ಗೆದ್ದಿತು. 2011ರಲ್ಲಿ 72-68ರ ಅಂತರದಲ್ಲಿ ರಾಜ್ಯದ ಅಧಿಕಾರವೂ ಮರಳಿತು.

2021ರ ಸೋಲು ಭಿನ್ನವೇಕೆ?

ಸುಮಾರು ನಾಲ್ಕು ದಶಕ ಕೇರಳದಲ್ಲಿ ಐದು ವರ್ಷಕ್ಕೊಮ್ಮೆ ಸರ್ಕಾರ ಬದಲಾಗುತ್ತಿತ್ತು. ಸೋತವರು ತಮ್ಮ ಸರದಿಗಾಗಿ ಕಾದರೆ ಸಾಕಿತ್ತು. 2021ರಲ್ಲಿ ಪಿಣರಾಯಿ ವಿಜಯನ್ ಈ ಪರಿಪಾಠ ಮುರಿದರು. ಎಡರಂಗಕ್ಕೆ 99 ಸ್ಥಾನ, ಯುಡಿಎಫ್‌ಗೆ 41.

ಇಲ್ಲಿಯೂ ಮತಗಳ ಲೆಕ್ಕ ಕುತೂಹಲಕರ. ಸಿಪಿಎಂಗೆ ಶೇ.25.38 ಮತ, 62 ಸ್ಥಾನ. ಕಾಂಗ್ರೆಸ್‌ಗೆ ಶೇ.25.12 ಮತ, 21 ಸ್ಥಾನ. ಕಾಂಗ್ರೆಸ್ ಹೆಚ್ಚು ಕ್ಷೇತ್ರಗಳಲ್ಲಿ ಸ್ಪರ್ಧಿಸಿತ್ತು ಎಂಬುದನ್ನು ಗಮನಿಸಿದರೂ, ಪಕ್ಷದ ಬುಡ ಕಿತ್ತುಹೋಗಿರಲಿಲ್ಲ ಎಂಬುದು ಸ್ಪಷ್ಟ. ಚುನಾವಣೆಗೆ ಕೆಲವೇ ತಿಂಗಳ ಮೊದಲು ಜೋಸ್ ಕೆ. ಮಾಣಿ ಅವರ ಕೇರಳ ಕಾಂಗ್ರೆಸ್ (ಎಂ) ಯುಡಿಎಫ್ ಬಿಟ್ಟು ಎಡರಂಗ ಸೇರಿತ್ತು. ಮತ್ತೆ ಮಿತ್ರಪಕ್ಷದ ಪೆಟ್ಟು.

ಕೊಚ್ಚಿಯಲ್ಲಿ ಮರಳಿ ಬಂದ ಕಾಂಗ್ರೆಸ್

2021ರ ಅಲೆಯಲ್ಲೂ ಕೊಚ್ಚಿ ಇರುವ ಎರ್ನಾಕುಲಂ ಜಿಲ್ಲೆಯ 14 ಸ್ಥಾನಗಳ ಪೈಕಿ 9 ಯುಡಿಎಫ್ ಪಾಲಾಗಿದ್ದವು. ಇದೇ ಜಿಲ್ಲೆಯ ಪರವೂರಿನ ಶಾಸಕ ವಿ.ಡಿ. ಸತೀಶನ್ ವಿರೋಧ ಪಕ್ಷದ ನಾಯಕರಾದರು.

ಚೇತರಿಕೆಯ ಮೊದಲ ಪರೀಕ್ಷೆಯೂ ಕೊಚ್ಚಿಯ ತೃಕ್ಕಾಕರದಲ್ಲೇ ನಡೆಯಿತು. ಶಾಸಕ ಪಿ.ಟಿ. ಥಾಮಸ್ ನಿಧನದಿಂದ 2022ರಲ್ಲಿ ಉಪಚುನಾವಣೆ ಬಂತು. 99ನ್ನು 100 ಮಾಡಬೇಕೆಂದು ಎಡರಂಗ ಪಟ್ಟು ಹಿಡಿದು ಪ್ರಚಾರ ಮಾಡಿತು. ಗೆದ್ದಿದ್ದು ಥಾಮಸ್ ಅವರ ಪತ್ನಿ ಉಮಾ ಥಾಮಸ್, ಅದೂ 25,016 ಮತಗಳ ಅಂತರದಿಂದ.

2020ರಲ್ಲಿ ಕೊಚ್ಚಿ ಪಾಲಿಕೆ ಕಾಂಗ್ರೆಸ್ ಕೈತಪ್ಪಿದ್ದು ಸಣ್ಣ ಅಂತರದಲ್ಲಿ. ಆಗ ಯುಡಿಎಫ್‌ನ ಮೇಯರ್ ಅಭ್ಯರ್ಥಿ ಒಂದೇ ಒಂದು ಮತದಿಂದ ಸೋತಿದ್ದರು! 2025ರಲ್ಲಿ ಸ್ಪಷ್ಟ ಬಹುಮತವೇ ಸಿಕ್ಕಿತು.

ತಿರುವನಂತಪುರಂನಲ್ಲಿ ಸಾಧ್ಯವಾಗಲಿಲ್ಲ ಏಕೆ?

2021ರಲ್ಲಿ ರಾಜಧಾನಿಯ ಜಿಲ್ಲೆಯಲ್ಲೂ 14 ಸ್ಥಾನಗಳಿದ್ದವು. ಯುಡಿಎಫ್ ಗೆದ್ದಿದ್ದು ಕೋವಳಂ ಒಂದನ್ನೇ. ಅದಕ್ಕಿಂತ ದೊಡ್ಡ ಸಮಸ್ಯೆ ಎಂದರೆ ನೇಮಂ, ವಟ್ಟಿಯೂರ್ಕಾವ್, ಕಳಕ್ಕೂಟಂ ಕ್ಷೇತ್ರಗಳಲ್ಲಿ ಬಿಜೆಪಿ ಎರಡನೇ ಸ್ಥಾನಕ್ಕೆ ಬಂದು, ಯುಡಿಎಫ್ ಮೂರನೇ ಸ್ಥಾನಕ್ಕೆ ಜಾರಿತ್ತು. ವಟ್ಟಿಯೂರ್ಕಾವ್‌ನ ಕಾಂಗ್ರೆಸ್ ಅಭ್ಯರ್ಥಿಯ ಬಳಕೆಯಾಗದ ಪೋಸ್ಟರ್‌ಗಳು ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು ಆಗ ದೊಡ್ಡ ಸುದ್ದಿಯಾಗಿತ್ತು.

ಪಾಲಿಕೆಯಲ್ಲೂ ಇದೇ ಕಥೆ. 2015ರಿಂದಲೇ ಇಲ್ಲಿ ಎಡರಂಗದ ಮುಖ್ಯ ಎದುರಾಳಿ ಬಿಜೆಪಿ. 2020ರಲ್ಲಿ 100 ವಾರ್ಡ್‌ಗಳ ಪೈಕಿ ಯುಡಿಎಫ್ ಗೆದ್ದಿದ್ದು 10. 2025ರಲ್ಲಿ ಅದು 19ಕ್ಕೇರಿದರೂ, ಎಡರಂಗದ ಮೇಲಿನ ಸಿಟ್ಟಿನ ಫಲ ಪಡೆದಿದ್ದು 101ರಲ್ಲಿ 50 ವಾರ್ಡ್ ಗೆದ್ದ ಎನ್‌ಡಿಎ. ಬಿಜೆಪಿಯ ವಿ.ವಿ. ರಾಜೇಶ್ ಮೇಯರ್ ಆದರು.

ಲೋಕಸಭೆಯಲ್ಲಿ ಶಶಿ ತರೂರ್ 2009ರಿಂದ ಸತತ ನಾಲ್ಕು ಬಾರಿ ಇಲ್ಲಿ ಗೆದ್ದಿದ್ದಾರೆ. ಆದರೆ 2019ರಲ್ಲಿ ಒಂದು ಲಕ್ಷದ ಹತ್ತಿರವಿದ್ದ ಅಂತರ, 2024ರಲ್ಲಿ ಬಿಜೆಪಿಯ ರಾಜೀವ್ ಚಂದ್ರಶೇಖರ್ ಎದುರು 16,077ಕ್ಕೆ ಇಳಿಯಿತು.

ಗಡಿನಾಡು ಮಂಜೇಶ್ವರದ ಪಾಠ

ಮೂರನೇ ಸ್ಥಾನಕ್ಕೆ ಜಾರಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರಿಗೆ ಪರಿಚಿತವಾದ ಮಂಜೇಶ್ವರವೂ ಸಾಕ್ಷಿ. 2006ರಲ್ಲಿ ಇಲ್ಲಿ ಸಿಪಿಎಂ ಗೆದ್ದಿತ್ತು. 2011, 2016 ಮತ್ತು 2021ರಲ್ಲಿ ಅದು ಮೂರನೇ ಸ್ಥಾನದಲ್ಲೇ ಉಳಿಯಿತು. ಸ್ಪರ್ಧೆ ಮುಸ್ಲಿಂ ಲೀಗ್ ಮತ್ತು ಬಿಜೆಪಿ ನಡುವಿನದ್ದಾಯಿತು. 2016ರಲ್ಲಿ ಬಿಜೆಪಿ ಸೋತಿದ್ದು ಕೇವಲ 89 ಮತಗಳಿಂದ, 2021ರಲ್ಲಿ 745 ಮತಗಳಿಂದ. ಗೆಲ್ಲುವ ಪಕ್ಷ ಯಾವುದು, ತಡೆಯುವ ಪಕ್ಷ ಯಾವುದು ಎಂದು ಮತದಾರ ನಿರ್ಧರಿಸಿದ ಮೇಲೆ ಮೂರನೆಯವರಿಗೆ ಮರಳುವ ದಾರಿ ಕಿರಿದಾಗುತ್ತದೆ.

ಮುಂದೇನು?

ಸ್ಥಳೀಯ ಸಂಸ್ಥೆಗಳ ಚುನಾವಣೆಯ ಬಳಿಕ ಎಲ್ಲರ ಕಣ್ಣು 2026ರ ವಿಧಾನಸಭೆ ಚುನಾವಣೆ ಮೇಲಿತ್ತು. 2024ರಲ್ಲಿ 18 ಲೋಕಸಭಾ ಸ್ಥಾನ, 2025ರಲ್ಲಿ ಆರರಲ್ಲಿ ನಾಲ್ಕು ಪಾಲಿಕೆ ಗೆದ್ದ ಯುಡಿಎಫ್‌ಗೆ ಹುಮ್ಮಸ್ಸಿತ್ತು. ಆದರೆ ಮೂರನೇ ಬಾರಿಯೂ ಸೋತರೆ ಮಿತ್ರಪಕ್ಷಗಳನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟ ಎಂಬ ಸ್ಥಿತಿ ಇತ್ತು. ಎಡರಂಗಕ್ಕೂ ಅದು ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಪಶ್ಚಿಮ ಬಂಗಾಳ 2011ರಲ್ಲಿ, ತ್ರಿಪುರಾ 2018ರಲ್ಲಿ ಕೈತಪ್ಪಿದ ಬಳಿಕ ದೇಶದಲ್ಲಿ ಎಡಪಕ್ಷಗಳ ಸರ್ಕಾರ ಉಳಿದಿದ್ದುದು ಕೇರಳದಲ್ಲಿ ಮಾತ್ರ.

ಫಲಿತಾಂಶದ ದಿನ ಯಾರಿಗೆ ಎಷ್ಟು ಸ್ಥಾನ ಎಂಬುದರ ಜೊತೆಗೆ, ಸೋತ ಪಕ್ಷ ಎಷ್ಟು ಕ್ಷೇತ್ರಗಳಲ್ಲಿ ಎರಡನೇ ಸ್ಥಾನ ಉಳಿಸಿಕೊಂಡಿದೆ ಎಂಬುದನ್ನೂ ನೋಡಬೇಕು. ಅದು ಮತ್ತೆ ಏಳಬಲ್ಲದೇ ಎಂಬುದರ ಸುಳಿವು ಸಿಗುವುದು ಆ ಪಟ್ಟಿಯಲ್ಲೇ.