ಎದೆಯ ಮೇಲಿನ ನಕ್ಷತ್ರ, ಕಾಡಿನಂಚಿನ ಗೆರೆ

ಧೂಳು ಹಾರುವ ಒಂದು ಬೀದಿ. ಅದರ ಈ ತುದಿಯಲ್ಲಿ ಎದೆಗೆ ಲೋಹದ ನಕ್ಷತ್ರ ಸಿಕ್ಕಿಸಿಕೊಂಡ ಅಧಿಕಾರಿ, ಆ ತುದಿಯಲ್ಲಿ ಕಾನೂನಿಗೆ ಸೊಪ್ಪು ಹಾಕದ ದರೋಡೆಕೋರ. ಇಬ್ಬರ ಕೈಯೂ ಸೊಂಟದ ಪಿಸ್ತೂಲಿನ ಹತ್ತಿರ. ಅಂಗಡಿಗಳ ಬಾಗಿಲು ಒಂದೊಂದಾಗಿ ಮುಚ್ಚುತ್ತವೆ. ಅಮೆರಿಕದ ಜನ ಸುಮಾರು ಇಪ್ಪತ್ತು ವರ್ಷ ಕಾಲ ವಾರವಾರವೂ ತಮ್ಮ ಮನೆಯ ಟೆಲಿವಿಷನ್ನಿನಲ್ಲಿ ನೋಡಿದ ದೃಶ್ಯ ಇದು. 'ವೆಸ್ಟರ್ನ್' ಎಂದು ಹೆಸರಾದ ಈ ಕಥೆಗಳ ಮೂಲ ಸೂತ್ರ ಬಹಳ ಸರಳ: ತಪ್ಪು ಮಾಡಿದವನು ಓಡುತ್ತಾನೆ, ಕಾನೂನಿನವನು ಬೆನ್ನಟ್ಟುತ್ತಾನೆ, ಕೊನೆಗೆ ಊರಿಗೆ ನೆಮ್ಮದಿ ಮರಳುತ್ತದೆ.

ಇಷ್ಟು ಸರಳವಾದ ಕಥೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಡಂಚಿನ ಹಳ್ಳಿಗಳಿಗೆ ಬಂದಾಗ ಮಾತ್ರ ಅಷ್ಟು ಸರಳವಾಗಿ ಉಳಿಯಲಿಲ್ಲ. ಯಾಕೆ ಎಂಬುದನ್ನು ತಿಳಿಯಲು ಮೊದಲು ಆ ಕಥೆ ಹುಟ್ಟಿದ ಜಾಗಕ್ಕೆ ಹೋಗಬೇಕು.

ವಾರಕ್ಕೊಬ್ಬ ಕಳ್ಳ

1933ರಲ್ಲಿ ಡೆಟ್ರಾಯಿಟ್ ನಗರದ ಒಂದು ರೇಡಿಯೋ ಕೇಂದ್ರದಿಂದ 'ದಿ ಲೋನ್ ರೇಂಜರ್' ಎಂಬ ನಾಟಕಮಾಲೆ ಆರಂಭವಾಯಿತು. ಹೊಂಚುದಾಳಿಯಲ್ಲಿ ಸಂಗಡಿಗರನ್ನೆಲ್ಲ ಕಳೆದುಕೊಂಡು ತಾನೊಬ್ಬನೇ ಉಳಿದ ರೇಂಜರ್, ಮುಖವಾಡ ಧರಿಸಿ ದುಷ್ಟರನ್ನು ಬೇಟೆಯಾಡುವ ಕಥೆ ಅದು. 1949ರಲ್ಲಿ ಅದು ಟೆಲಿವಿಷನ್ನಿಗೆ ಬಂತು. 1955ರ ಸೆಪ್ಟೆಂಬರಿನಲ್ಲಿ ಎರಡು ಮಹತ್ವದ ಧಾರಾವಾಹಿಗಳು ಕೆಲವೇ ದಿನಗಳ ಅಂತರದಲ್ಲಿ ಶುರುವಾದವು. ಒಂದು, ನಿಜವಾಗಿ ಬದುಕಿದ್ದ ಅಧಿಕಾರಿ ವಯಟ್ ಅರ್ಪ್‌ನ ಜೀವನವನ್ನು ಆಧರಿಸಿದ್ದು. ಇನ್ನೊಂದು 'ಗನ್‌ಸ್ಮೋಕ್'. ಕಾನ್ಸಾಸ್ ಪ್ರಾಂತ್ಯದ ಡಾಜ್ ಸಿಟಿಯ ಮಾರ್ಷಲ್ ಮ್ಯಾಟ್ ಡಿಲನ್ ಅದರ ನಾಯಕ. ಪಾತ್ರಧಾರಿ ಜೇಮ್ಸ್ ಆರ್ನೆಸ್. 1975ರವರೆಗೆ ನಡೆದ ಈ ಧಾರಾವಾಹಿಯ ಕಂತುಗಳು ಒಟ್ಟು 635. 1957ರಿಂದ 1961ರವರೆಗೆ ನಾಲ್ಕು ಋತುಗಳಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮವೂ ಅದೇ.

ಪ್ರತಿ ವಾರ ಅದೇ ಮಾರ್ಷಲ್, ಹೊಸ ಕಳ್ಳ. ಗೆಲ್ಲುವವನು ಯಾರೆಂಬುದು ಎಲ್ಲರಿಗೂ ಗೊತ್ತು. ಹಾಗಿದ್ದರೂ ಜನ ನೋಡಿದ್ದು ಯಾಕೆ? ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆಯಾಟ ನೋಡುವ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಹಿಷಾಸುರ ಸಾಯುತ್ತಾನೆಂಬುದು ಗೊತ್ತಿದ್ದೇ ಜನ ಬೆಳಗಿನ ಜಾವದವರೆಗೆ ಕೂರುತ್ತಾರೆ. ಕಥೆಯ ಕೊನೆ ಅವರಿಗೆ ಮುಖ್ಯವಲ್ಲ. ಧರ್ಮ ಅಧರ್ಮಗಳ ಲೆಕ್ಕ ಇನ್ನೂ ಸರಿಯಾಗಿದೆ ಎಂಬ ಭರವಸೆ ಮುಖ್ಯ. ಎರಡನೆಯ ಮಹಾಯುದ್ಧ ಮುಗಿಸಿ, ಅಣುಬಾಂಬಿನ ಭಯದಲ್ಲಿ ಬದುಕುತ್ತಿದ್ದ ಅಮೆರಿಕಕ್ಕೆ ಮಾರ್ಷಲ್ ಡಿಲನ್ ಕೊಟ್ಟದ್ದೂ ಅಂಥದೇ ಭರವಸೆ.

ಆದರೆ ಚರಿತ್ರೆಯ ಲೆಕ್ಕ ಬೇರೆಯೇ ಇದೆ. ಕಾನ್ಸಾಸಿನ ಐದು ಪ್ರಸಿದ್ಧ ದನದ ವ್ಯಾಪಾರದ ಪಟ್ಟಣಗಳಲ್ಲಿ 1870ರಿಂದ 1885ರವರೆಗೆ ನಡೆದ ಕೊಲೆಗಳನ್ನು ಇತಿಹಾಸಕಾರ ರಾಬರ್ಟ್ ಡೈಕ್‌ಸ್ಟ್ರಾ ಎಣಿಸಿದ್ದಾರೆ. ಡಾಜ್ ಸಿಟಿಯೂ ಸೇರಿ ಸಿಕ್ಕ ಒಟ್ಟು ಸಂಖ್ಯೆ 45. ಟೆಲಿವಿಷನ್ನಿನ ಡಾಜ್ ಸಿಟಿ ಒಂದೆರಡು ಋತುಗಳಲ್ಲೇ ಈ ಸಂಖ್ಯೆಯನ್ನು ದಾಟಿಬಿಡುತ್ತಿತ್ತು! ನಿಜವಾದ ಡಾಜ್ ಸಿಟಿಯಲ್ಲಿ ಊರೊಳಗೆ ಬಂದೂಕು ಹಿಡಿದು ತಿರುಗುವುದೇ ನಿಷಿದ್ಧವಾಗಿತ್ತು. 1881ರ ಅಕ್ಟೋಬರ್ 26ರಂದು ಅರಿಜೋನಾದ ಟೂಮ್‌ಸ್ಟೋನ್ ಪಟ್ಟಣದಲ್ಲಿ ವಯಟ್ ಅರ್ಪ್ ಮತ್ತು ಆತನ ಸೋದರರು ನಡೆಸಿದ, ನೂರಾರು ಸಲ ತೆರೆಗೆ ಬಂದ ಗುಂಡಿನ ಕಾಳಗ ಮುಗಿದದ್ದು ಸುಮಾರು 30 ಸೆಕೆಂಡುಗಳಲ್ಲಿ. ಆ ಜಗಳಕ್ಕೆ ಒಂದು ಕಾರಣ ಆಯುಧ ಹಿಡಿದು ಊರೊಳಗೆ ಬರಬಾರದೆಂಬ ಪುರಸಭೆಯ ನಿಯಮವೇ ಆಗಿತ್ತು.

ಇನ್ನೊಂದು ಸಂಗತಿಯೂ ತೆರೆಯಿಂದ ಮರೆಯಾಯಿತು. ಗುಲಾಮನಾಗಿ ಹುಟ್ಟಿ, 1875ರಿಂದ ಡೆಪ್ಯುಟಿ ಮಾರ್ಷಲ್ ಆಗಿ ದುಡಿದು, ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದನೆಂದು ಹೆಸರಾದ ಬಾಸ್ ರೀವ್ಸ್ ಎಂಬ ಕರಿಯ ಅಧಿಕಾರಿ 1910ರಲ್ಲಿ ತೀರಿಕೊಂಡ. ಅವನ ಹೆಸರಿನ ಟೆಲಿವಿಷನ್ ಧಾರಾವಾಹಿ ಬಂದದ್ದು 2023ರಲ್ಲಿ. ಎಲ್ಲಕ್ಕಿಂತ ದೊಡ್ಡ ಮರೆವು ಮೂಲನಿವಾಸಿಗಳದ್ದು. ಡಾಜ್ ಸಿಟಿ ಹುಟ್ಟಿದ್ದು 1872ರಲ್ಲಿ. ಅದಕ್ಕೂ ಮೊದಲು ಆ ಬಯಲು ಶಯೆನ್, ಕೊಮಾಂಚಿ, ಕಯೋವಾ ಜನರ ಬೇಟೆಯ ನೆಲವಾಗಿತ್ತು. ಧಾರಾವಾಹಿ ಮಾತ್ರ ಮಾರ್ಷಲ್ ಬಂದ ದಿನದಿಂದ ಆರಂಭವಾಗುತ್ತದೆ. ಅವನಿಗಿಂತ ಮೊದಲು ಅಲ್ಲಿ ಯಾರಿದ್ದರು, ಅವರ ಕಟ್ಟಳೆ ಏನಿತ್ತು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಅಪರೂಪ.

ಕನ್ನಡ ನೆಲಕ್ಕೆ ಬಂದ ಕಥೆ

'ಗನ್‌ಸ್ಮೋಕ್' ಮುಗಿದ 1975ರಲ್ಲೇ ಕರ್ನಾಟಕದ ಹಳ್ಳಿಗಳು ಮೊದಲ ಬಾರಿಗೆ ಟೆಲಿವಿಷನ್ ಕಂಡವು. ಅದೂ ಉಪಗ್ರಹ ಪ್ರಯೋಗದ ಅಂಗವಾಗಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಲ್ಲಿ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಹಾಗಾಗಿ ವೆಸ್ಟರ್ನ್ ಎಂಬುದು ನಮಗೆ ದಕ್ಕಿದ್ದು ಧಾರಾವಾಹಿಯಿಂದ ಅಲ್ಲ, ಸಿನಿಮಾದಿಂದ.

1973ರಲ್ಲಿ ಎರಡು ಘಟನೆಗಳು ನಡೆದವು. ಆ ವರ್ಷ ತೆರೆಗೆ ಬಂದ 'ಗಂಧದ ಗುಡಿ'ಯಲ್ಲಿ ರಾಜ್‌ಕುಮಾರ್ ಅರಣ್ಯಾಧಿಕಾರಿಯಾಗಿ ಮರಗಳ್ಳರನ್ನು ಎದುರಿಸಿದರು. ಎದುರು ಪಾಳಯದಲ್ಲಿ ನಿಂತ ವಿಷ್ಣುವರ್ಧನ್ ಕೊನೆಗೆ ಅವರ ಒಡಹುಟ್ಟಿದವನೇ ಎಂದು ತಿಳಿಯುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ರಾಮನಗರದ ಬಂಡೆಗಳ ನಡುವೆ 'ಶೋಲೆ'ಯ ಚಿತ್ರೀಕರಣ ಶುರುವಾಯಿತು. ನಿವೃತ್ತ ಪೊಲೀಸ್ ಅಧಿಕಾರಿ ಠಾಕೂರ್, ಡಕಾಯಿತ ಗಬ್ಬರ್‌ನನ್ನು ಹಿಡಿಯಲು ಇಬ್ಬರು ಪುಂಡರನ್ನು ಕರೆತರುವ ಕಥೆ ಅದು. ಮೊದಲು ಚಿತ್ರಿಸಿದ ಮುಕ್ತಾಯದಲ್ಲಿ ಠಾಕೂರ್ ಗಬ್ಬರ್‌ನನ್ನು ಕೊಲ್ಲುತ್ತಾನೆ. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ಸೆನ್ಸಾರ್ ಇದಕ್ಕೆ ಒಪ್ಪಲಿಲ್ಲ. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಚಿತ್ರದಲ್ಲಿ ಕೊನೆಯ ಗಳಿಗೆಗೆ ಪೊಲೀಸರು ಬಂದು ಗಬ್ಬರ್‌ನನ್ನು ಹಿಡಿದುಕೊಂಡು ಹೋದರು. ಕಾನೂನು ತಡವಾಗಿಯಾದರೂ ಬಂದೇ ಬರುತ್ತದೆಂದು ಜನ ನಂಬಬೇಕೆಂಬುದು ಸರ್ಕಾರದ ಅಪೇಕ್ಷೆಯಾಗಿತ್ತು.

ತೆರೆಯ ಮೇಲಿನದಕ್ಕಿಂತ ಘೋರವಾದದ್ದು ಮುಂದೆ ಕಾಡಿನಲ್ಲೇ ನಡೆಯಿತು. ವೀರಪ್ಪನ್‌ನನ್ನು ಮನವೊಲಿಸಿ ಶರಣಾಗಿಸಲು ಹೊರಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್ 10ರಂದು ಅವನಿಂದಲೇ ಹತರಾದರು. ಗೋಪಿನಾಥಂ ಊರಿನ ಜನರ ವಿಶ್ವಾಸ ಗಳಿಸುವುದೇ ಕಳ್ಳನನ್ನು ಹಿಡಿಯುವ ದಾರಿ ಎಂದು ಅವರು ನಂಬಿದ್ದರು. 'ಗಂಧದ ಗುಡಿ'ಯ ಅಧಿಕಾರಿ ರಾಜ್‌ಕುಮಾರ್ 2000ದ ಜುಲೈ 30ರಂದು ಗಾಜನೂರಿನಿಂದ ಇದೇ ವೀರಪ್ಪನ್‌ನ ಒತ್ತೆಯಾಳಾಗಿ ಕಾಡಿಗೆ ಹೋಗಿ, 108 ದಿನಗಳ ಮೇಲೆ ಮರಳಿದರು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಕಥೆ ಮುಗಿಯಿತು. ಆದರೆ ಅವನನ್ನು ಅಟ್ಟಿದ ವಿಶೇಷ ಪಡೆಯಿಂದ ಹಿಂಸೆ ಅನುಭವಿಸಿದೆವೆಂದು ಗಡಿಭಾಗದ ಹಳ್ಳಿಗರು ಹೇಳಿದ ಮಾತುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ದಾಖಲಿಸಿಕೊಳ್ಳಬೇಕಾಯಿತು. ಕಳ್ಳನಿಗೂ ಪೊಲೀಸರಿಗೂ ನಡುವೆ ಸಿಕ್ಕಿಬಿದ್ದ ಊರಿನ ಪಾಡನ್ನು ಡಾಜ್ ಸಿಟಿಯ ಯಾವ ಕಂತೂ ಹೀಗೆ ತೋರಿಸಿದಂತಿಲ್ಲ.

ಗೆರೆ ಎಳೆದವರು ಯಾರು?

ಈಗ ನಮ್ಮ ಕರಾವಳಿಗೆ ಬರೋಣ. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲ್ಲೂಕುಗಳಾದವು. ಈ ಸೀಮೆಗೆ ಆಡಳಿತದ ಗೆರೆಗಳು ಬದಲಾಗುವುದು ಹೊಸದಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟಾಗ, ಅದರಲ್ಲಿ ಸೇರಿದ್ದ ಕುಂದಾಪುರವನ್ನು ಮಾತ್ರ ಬೇರ್ಪಡಿಸಿ ದಕ್ಷಿಣ ಕನ್ನಡದೊಂದಿಗೆ ಮದ್ರಾಸಿನಲ್ಲಿ ಉಳಿಸಿಕೊಂಡರು. ಅದಕ್ಕಿಂತ ಆಳವಾಗಿ ತಟ್ಟಿದ್ದು ಕಾಡಿನ ಗೆರೆ.

ಘಟ್ಟದ ಬುಡದ ಜನ ಕಾಡನ್ನು ಕಡಿದು ಸುಟ್ಟು, ಒಂದೆರಡು ಬೆಳೆ ತೆಗೆದು ಮುಂದಕ್ಕೆ ಹೋಗುತ್ತಿದ್ದ ಕುಮ್ರಿ ಬೇಸಾಯಕ್ಕೆ ಆಂಗ್ಲ ಸರ್ಕಾರ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಡಿವಾಣ ಹಾಕಿತು. 1882ರಲ್ಲಿ ಮದ್ರಾಸ್ ಅರಣ್ಯ ಕಾಯಿದೆ ಬಂತು. ಆದರೂ ಕೃಷಿಕನಿಗೆ ಒಂದು ಸವಲತ್ತು ಉಳಿಯಿತು. ಅದೇ ಕುಮ್ಕಿ. ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ, ಮೇವು ತರಬಹುದು. ಜಾಗ ಮಾತ್ರ ಅವನದಲ್ಲ. 1972ರ ವನ್ಯಜೀವಿ ಕಾಯಿದೆಯಿಂದ ಬೇಟೆ ಅಪರಾಧವಾಯಿತು. 1974ರಲ್ಲಿ ಕೊಲ್ಲೂರಿನ ಸುತ್ತಲ ಕಾಡು ಮೂಕಾಂಬಿಕಾ ಅಭಯಾರಣ್ಯವಾಯಿತು. 1996ರ ಸುಪ್ರೀಂ ಕೋರ್ಟ್ ಆದೇಶದ ನಂತರ ಡೀಮ್ಡ್ ಅರಣ್ಯ ಎಂಬ ಹೊಸ ಪಟ್ಟಿ ಹುಟ್ಟಿಕೊಂಡಿತು. ರಾಜ್ಯದಲ್ಲಿ ಸುಮಾರು 9.94 ಲಕ್ಷ ಹೆಕ್ಟೇರಿನಷ್ಟಿದ್ದ ಆ ಪಟ್ಟಿಯನ್ನು ಸರ್ಕಾರ 2022ರಲ್ಲಿ ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಅಂದರೆ ಒಂದೇ ತುಂಡು ನೆಲದ ಮೇಲೆ ನಿಂತ ಒಂದೇ ಕುಟುಂಬ, ತಾನು ಕದಲದೆಯೇ, ಒಮ್ಮೆ ಹಕ್ಕುದಾರ, ಒಮ್ಮೆ ಒತ್ತುವರಿದಾರ, ಇನ್ನೊಮ್ಮೆ ಅರ್ಜಿದಾರ ಆಗಬಹುದು.

ಕಾಡಿಗೆ ಕಾನೂನು ಬೇಡವಾಗಿತ್ತೆಂದು ಇದರ ಅರ್ಥವಲ್ಲ. ಆ ಕಾಯಿದೆಗಳಿಲ್ಲದಿದ್ದರೆ ಘಟ್ಟದ ಮರವೂ ಮಿಗವೂ ಇಷ್ಟು ಉಳಿಯುತ್ತಿರಲಿಲ್ಲ. ಆದರೆ ಇಲ್ಲಿ ಓಡುವವನು ಹೊರಗಿನಿಂದ ಬಂದ ದರೋಡೆಕೋರನಲ್ಲ, ಊರಿನವನೇ. ಸಮವಸ್ತ್ರ ತೊಟ್ಟು ಬಂದವನೇ ಹೊರಗಿನವನು. ಅಮೆರಿಕದ ಕಥೆ ಇಲ್ಲಿ ತಲೆಕೆಳಗಾಗುತ್ತದೆ.

ಈ ಸೀಮೆಯ ಜನಪದಕ್ಕೆ ಇದು ಮೊದಲೇ ಗೊತ್ತಿತ್ತು. ತುಳು ಪಾಡ್ದನದ ಕೋಟಿ ಚೆನ್ನಯರು ಪಡುಮಲೆಯ ಬಲ್ಲಾಳನ ಮಂತ್ರಿಯನ್ನು ಕೊಂದು ತಲೆಮರೆಸಿಕೊಂಡವರು. ಪಂಜದಲ್ಲಿ ಸೆರೆಸಿಕ್ಕಿ ತಪ್ಪಿಸಿಕೊಂಡವರು. ಬಲ್ಲಾಳನ ಕಣ್ಣಿನಲ್ಲಿ ಅವರು ಅಪರಾಧಿಗಳು. ಜನರ ಕಣ್ಣಿನಲ್ಲಿ ದೈವಗಳು. ಬ್ರಹ್ಮಾವರದ ಕಡೆಯೂ ಸೇರಿ ತುಳುನಾಡಿನ ಉದ್ದಕ್ಕೂ ಗರಡಿಗಳಲ್ಲಿ ಇಂದಿಗೂ ಅವರಿಗೆ ನೇಮ ನಡೆಯುತ್ತದೆ.

ಅದೇ ಪ್ರಶ್ನೆಗೆ ನಮ್ಮ ಕಾಲದ ಉತ್ತರವೂ ಈ ನೆಲದಿಂದಲೇ ಬಂತು. ಕುಂದಾಪುರ ತಾಲ್ಲೂಕಿನ ಕೆರಾಡಿಯವರಾದ ರಿಷಬ್ ಶೆಟ್ಟಿ ತಮ್ಮ ಊರಿನಲ್ಲೇ ಚಿತ್ರೀಕರಿಸಿದ 'ಕಾಂತಾರ' 2022ರ ಸೆಪ್ಟೆಂಬರ್ 30ರಂದು ತೆರೆಗೆ ಬಂತು. 1990ರ ಸುಮಾರಿಗೆ ನಡೆಯುವ ಈ ಕಥೆಯಲ್ಲಿ ಕಿಶೋರ್ ಪಾತ್ರವಹಿಸಿದ ಅರಣ್ಯಾಧಿಕಾರಿ ಮುರಳಿ ಒಂದು ಕಡೆ. ಕಂಬಳ ಓಡಿಸುವ, ಕಾಡುಹಂದಿ ಬೇಟೆಯಾಡುವ ಶಿವ ಇನ್ನೊಂದು ಕಡೆ. ಮೊದಲರ್ಧ ನೋಡಿದರೆ ಇದು ಅಪ್ಪಟ ವೆಸ್ಟರ್ನ್: ಅಧಿಕಾರಿ ಅಟ್ಟುತ್ತಾನೆ, ಇವನು ಕಾಡಿನಲ್ಲಿ ಅಡಗುತ್ತಾನೆ. ಆದರೆ ಕಥೆ ಬೆಳೆದಂತೆ ನಿಜವಾದ ಕಳ್ಳ ಇಬ್ಬರೂ ಅಲ್ಲ, ಊರಿನ ಧಣಿ ಎಂಬುದು ಹೊರಬೀಳುತ್ತದೆ. ಹಿಂದೆ ಅರಸನೊಬ್ಬ ದೈವದ ಎದುರು ಊರಿಗೆ ಬಿಟ್ಟುಕೊಟ್ಟ ಭೂಮಿಯ ಮೇಲೆ ಅವನ ಕಣ್ಣು.

ಆಗ ತೀರ್ಪು ಕೊಡುವುದು ಪಿಸ್ತೂಲಲ್ಲ. ಮೈಮೇಲೆ ಪಂಜುರ್ಲಿ ಬಂದ ಶಿವ ಕೊನೆಗೆ ಊರಿನವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಒಂದುಗೂಡಿಸಿ ಕಾಡಿನೊಳಗೆ ಮರೆಯಾಗುತ್ತಾನೆ. ನಕ್ಷತ್ರ ತೊಟ್ಟವನು ಸೋಲಲಿಲ್ಲ, ಬೆನ್ನಟ್ಟಿಸಿಕೊಂಡವರು ಸಾಯಲೇಬೇಕಾಗಲಿಲ್ಲ. ಇಬ್ಬರಿಗಿಂತ ಹಳೆಯದಾದ ಒಂದು ಮಾತಿಗೆ ಇಬ್ಬರೂ ತಲೆಬಾಗಬೇಕಾಯಿತು.

ಸಿನಿಮಾದಲ್ಲಿ ದೈವ ಕೈಗಳನ್ನು ಕೂಡಿಸಬಹುದು. ಹೊರಗೆ ಅಷ್ಟು ಸುಲಭವಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುವ ಭಯ ಮೂಡಿದ ಹಳ್ಳಿಗಳ ಸಿಟ್ಟನ್ನು ನಕ್ಸಲರು ಬಳಸಿಕೊಂಡರು. 2003ರ ನವೆಂಬರಿನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ, 2024ರ ನವೆಂಬರಿನಲ್ಲಿ ಹೆಬ್ರಿಯ ಕಬ್ಬಿನಾಲೆಯಲ್ಲಿ ಪೊಲೀಸರ ಗುಂಡಿಗೆ ಬಿದ್ದವರು ಇದೇ ಘಟ್ಟದ ಮಕ್ಕಳು. 2025ರ ಜನವರಿಯಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಶಸ್ತ್ರ ಬಿಟ್ಟು ಶರಣಾದರು. ಎರಡು ದಶಕಗಳ ಬೆನ್ನಟ್ಟುವಿಕೆ ಕೊನೆಗೆ ಬಹುಮಟ್ಟಿಗೆ ಮುಗಿದದ್ದು ಮಾತುಕತೆಯಿಂದ ಎಂಬುದನ್ನು ಗಮನಿಸಬೇಕು. ಪಿ. ಶ್ರೀನಿವಾಸ್ ಗೋಪಿನಾಥಂನಲ್ಲಿ ಹಿಡಿದಿದ್ದ ದಾರಿಯೂ ಅದೇ ಆಗಿತ್ತು.

ಬೆನ್ನಟ್ಟುವ ಕಥೆಗಳನ್ನು ಜನ ಮುಂದೆಯೂ ಇಷ್ಟಪಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಮಾರ್ಷಲ್ ಡಿಲನ್ ತನ್ನ 635 ಕಂತುಗಳಲ್ಲಿ ಕೇಳುತ್ತಿದ್ದುದು ತಪ್ಪಿತಸ್ಥ ಯಾರೆಂದು. ಕಾಡಿನ ಅಂಚಿನಲ್ಲಿ ಬದುಕುವವರು ಅದಕ್ಕೂ ಮೊದಲು ಇನ್ನೊಂದನ್ನು ಕೇಳುತ್ತಾರೆ: ಈ ಗೆರೆಯನ್ನು ಎಳೆದವರು ಯಾರು, ಎಳೆಯುವಾಗ ನಮ್ಮನ್ನು ಕೇಳಿದರೇ? ಆ ಪ್ರಶ್ನೆಗೆ ನೇರವಾದ ಉತ್ತರ ಸಿಗುವ ಊರಿನಲ್ಲಿ ಓಡುವವರೂ ಕಡಿಮೆಯಾಗುತ್ತಾರೆ, ಅಟ್ಟುವವರ ಕೆಲಸವೂ ಹಗುರವಾಗುತ್ತದೆ.